ವಿಮಾನದ ತೊಟ್ಟಿಲು

ಶಹಾಬಾದ
ತಾ. 20-5-1973, ರವಿವಾರ

ನನ್ನ ಅನಸೂಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವುದಿಲ್ಲ. ಚೆನ್ನಾಗಿಲ್ಲ ಎಂದು ಬರೆದರೆ ನಿಮ್ಮವ್ವ ಯಂಕಮ್ಮತ್ತೆ ಊಟ ಬಿಟ್ಟು ಕೂತುಬಿಡುತ್ತಾರೆ. ಆದ್ದರಿಂದ ಇಷ್ಟು ತಿಳಿದುಕೋ: ಎರಡು ಹೊತ್ತು ಏನಾದರೂ ಕುದಿಸಿಕೊಳ್ಳುತ್ತೇನೆ, ಒಮ್ಮೆ ಉಪ್ಪು ಜಾಸ್ತಿ, ಒಮ್ಮೆ ಉಪ್ಪೇ ಇಲ್ಲ. ಅಂಗಿಯ ಗುಂಡಿಗಳನ್ನು ನಾನೇ ಹಚ್ಚಿಕೊಂಡಿದ್ದೇನೆ, ಒಂದು ಕಪ್ಪು, ಒಂದು ಬಿಳಿ. ನೋಡಿದವರೆಲ್ಲ ನಗುತ್ತಾರೆ. ಅತ್ತೆಗೆ ನನ್ನ ನಮಸ್ಕಾರ ತಿಳಿಸು, ನಿನ್ನ ತಮ್ಮ ತಮ್ಮಣ್ಣನಿಗೂ ನೆನಪು ಹೇಳು. ಚಿಂಚೋಳಿಯಲ್ಲಾದರೂ ಬಿಸಿಲು ಸ್ವಲ್ಪ ಕಡಿಮೆ ಇದೆಯೋ ಇಲ್ಲವೋ?

ಪತ್ರ ತಡವಾಯಿತು, ಒಪ್ಪಿಕೊಂಡೆ. ಸಣ್ಣ ತಡವೂ ಅಲ್ಲ, ನಾಲ್ಕು ತಿಂಗಳು. ಜನವರಿಯಲ್ಲಿ ಬರೆದ ಎರಡು ಕಾಗದಕ್ಕೆ ನಿನ್ನಿಂದ ಒಂದಕ್ಷರ ಬರಲಿಲ್ಲ. ತಮ್ಮಣ್ಣ ಮಾತ್ರ "ಅಕ್ಕಗ ಸ್ವಲ್ಪ ದಿನ ಬಿಟ್ಟುಬಿಡ್ರಿ ಮಾವ" ಎಂದು ಕಾರ್ಡು ಹಾಕಿದ. ನನಗೆ ಸಿಟ್ಟು ನೆತ್ತಿಗೇರಿತು. ಹೆಂಡತಿಗೆ ಕಾಗದ ಬರೆಯಲು ಇವನ ಅಪ್ಪಣೆ ಬೇಕೇನು ಎಂದು ಕಾರ್ಡನ್ನು ಹರಿದು ಒಲೆಗೆ ಹಾಕಿದೆ. ಎರಡು ದಿನಕ್ಕೆ ಸಿಟ್ಟು ಇಳಿಯಿತು, ಆದರೆ ಬರೆಯಲು ಕೈ ಏಳಲಿಲ್ಲ. ಶಾಲೆಯ ಕಲ್ಲು, ಛತ್ರದ ಕಲ್ಲು, ಗೋರಿಯ ಕಲ್ಲು ಎಂದು ಊರವರ ಹೆಸರನ್ನೆಲ್ಲ ಕೊರೆದು ಕೂಡಿಸುವ ಕೈ ಇದು. ಒಂದು ಹಾಳೆ ತುಂಬಿಸಲು ಅದಕ್ಕೆ ಧೈರ್ಯ ಸಾಲಲಿಲ್ಲ. ಅಕ್ಷರಗಳನ್ನು ದಪ್ಪವಾಗಿ, ಬಿಡಿಸಿ ಬರೆದಿದ್ದೇನೆ. ಬೆರಳಿಟ್ಟು ನಿಧಾನವಾಗಿ ಓದು. ನೀನೇ ಓದು, ತಮ್ಮಣ್ಣನ ಕೈಗೆ ಕೊಡಬೇಡ.

ಈಗ ಬರೆಯದೆ ಇರಲಾಗದ ಕಾರಣ ಬಂದಿದೆ. ನಮ್ಮ ಮನೆಯಲ್ಲಿ ತೂಗುಹಾಕಿರುವ ತೊಟ್ಟಿಲನ್ನು ಕೇಳಿಕೊಂಡು ಇಬ್ಬರು ಬಂದಿದ್ದಾರೆ. ಒಬ್ಬರು ವಾಯುಪಡೆಯ ಸಾಹೇಬರು, ಇನ್ನೊಬ್ಬಳು ನಮ್ಮ ಓಣಿಯ ಜಾನಬಿ. ನಾಳೆ ಬಿಟ್ಟು ಅದರಾಚೆಯ ಸೋಮವಾರ, ಇಪ್ಪತ್ತೆಂಟನೇ ತಾರೀಖಿನೊಳಗೆ ಉತ್ತರ ಹೇಳಬೇಕು. ಆ ಉತ್ತರ ಹೇಳುವ ಹಕ್ಕು ನನಗಿಲ್ಲ, ನಿನಗಿದೆ. ಅದಕ್ಕೇ ಮೊದಲಿನಿಂದ ಎಲ್ಲ ಬರೆಯುತ್ತೇನೆ.

ಈ ವರ್ಷ ಹಳೆ ಕಲ್ಲಿನ ಖಣಿಯ ಹೊಂಡ ತಳ ಕಂಡಿತು. ನೀನು ಬಟ್ಟೆ ಒಗೆಯುತ್ತಿದ್ದ ಮೆಟ್ಟಿಲಿನ ಕೆಳಗೆ ಇನ್ನೂ ಹದಿನಾಲ್ಕು ಮೆಟ್ಟಿಲುಗಳಿವೆ ಎಂಬುದು ನಮಗೇ ಈಗ ಗೊತ್ತಾಯಿತು. ಏಪ್ರಿಲಿನಲ್ಲಿ ವಿಮಾನದ ಬಾಲ ಹೊರಬಂತು, ಎಂಟು ದಿನದಲ್ಲಿ ಬೆನ್ನು ಬಂತು, ಆಮೇಲೆ ಮುರಿದ ರೆಕ್ಕೆ. ದೊಡ್ಡ ಯುದ್ಧದ ಕಾಲದಲ್ಲಿ, ಅಂದರೆ ನಲವತ್ನಾಲ್ಕರಲ್ಲಿ, ಹೈದರಾಬಾದಿನ ಕಡೆಯಿಂದ ಬಂದು ಬಿದ್ದದ್ದು ಇಪ್ಪತ್ತೊಂಬತ್ತು ವರ್ಷ ನೀರೊಳಗೇ ಕೂತಿತ್ತು. ಯಾರೋ ಗುಲಬರ್ಗಾದ ಪತ್ರಿಕೆಗೆ ಸುದ್ದಿ ಕೊಟ್ಟರು. ಮೇ ಮೂರಕ್ಕೆ ಒಂದು ಲಾರಿ, ಒಂದು ಕ್ರೇನು, ಎಂಟು ಮಂದಿ ಜವಾನರು ಬಂದಿಳಿದರು. ಅವರ ಮುಖ್ಯಸ್ಥರು ಮಜುಮ್ದಾರ್ ಸಾಹೇಬರು. ಬಂಗಾಲದವರು, ಸುಮಾರು ನನ್ನ ವಯಸ್ಸಿನವರು, ಹಿಂದಿಯಲ್ಲಿ ಮಾತಾಡುತ್ತಾರೆ. ಈ ಜಾತಿಯ ವಿಮಾನಗಳನ್ನು ಯುದ್ಧ ಮುಗಿದ ಮೇಲೆ ಒಡೆದು ಕರಗಿಸಿಬಿಟ್ಟರಂತೆ. ಈಗ ನಮ್ಮ ದೇಶದಲ್ಲಿ ಒಂದೂ ಉಳಿದಿಲ್ಲ, ಹೊರಗೆ ಎರಡೋ ಮೂರೋ ಇವೆಯಂತೆ. ಇದನ್ನು ದಿಲ್ಲಿಯ ಕಡೆ ಒಯ್ದು, ರಿಪೇರಿ ಮಾಡಿ, ಜನ ನೋಡಲಿ ಎಂದು ಇಡುತ್ತಾರಂತೆ.

ಜಗದೇವಪ್ಪ ಸಾಹುಕಾರರು ಬಿಟ್ಟಾರೆಯೇ? ಖಣಿ ಅವರ ಗುತ್ತಿಗೆ, ನಿನಗೆ ಗೊತ್ತು. ಛತ್ರಿ ಹಿಡಿದುಕೊಂಡು ಬಂದರು. "ನನ್ನ ಖಣಿಯಾಗ ಬಿದ್ದದ್ದು ನಂದೇ ಆಗ್ತದರಿ. ಮಳಿ ನೀರು ಬಿದ್ರ ಅದು ಯಾರದು? ನಂದೇ ಅಲ್ಲೇನು?" ಎಂದು ಕೂಗಾಡಿದರು. ಖಣಿಯ ತಂಡದ ಮುಕಾದಂ ನಮ್ಮ ಮಶಾಕ ಅಲ್ಲೇ ನಿಂತಿದ್ದ. "ಹೌದ್ರಿ ಸಾಹುಕಾರ, ವಿಮಾನದಾಗ ಒಂದು ಹುಡುಗನೂ ಬಿದ್ದಿದ್ದ. ಅವನೂ ನಿಮ್ಮವನೇ ಆದ್ನಲ್ಲ, ಲಗ್ನಾ ಯಾಕ ಮಾಡಿಕೊಡಲಿಲ್ಲ?" ಎಂದ. ಜವಾನರಿಗೆ ಭಾಷೆ ತಿಳಿಯದಿದ್ದರೂ ನಮ್ಮವರು ನಕ್ಕದ್ದನ್ನು ನೋಡಿ ಅವರೂ ನಕ್ಕರು. ಯುದ್ಧದ ವಿಮಾನ ಯಾರ ನೆಲದಲ್ಲಿ ಬಿದ್ದರೂ, ಎಷ್ಟು ವರ್ಷ ಮುಳುಗಿದ್ದರೂ ಸರ್ಕಾರದ್ದೇ ಎಂದು ಸಾಹೇಬರು ಸಮಾಧಾನವಾಗಿ ತಿಳಿಸಿ ಹೇಳಿದರು. ಸಾಹುಕಾರರು ಗೊಣಗುತ್ತ ಹೋದರು, ಮರುದಿನ ಎಲ್ಲರಿಗಿಂತ ಮೊದಲು ನೋಡಲು ಬಂದವರೂ ಅವರೇ.

ಕ್ರೇನು ಉಪಯೋಗಕ್ಕೆ ಬರಲಿಲ್ಲ. ಮಶಾಕ ಹೊಂಡದ ಅಂಚಿನ ಮೇಲೆ ಸಬ್ಬಲ್ಲಿನಿಂದ ಕುಟ್ಟುತ್ತ ಹತ್ತು ಹೆಜ್ಜೆ ನಡೆದ. "ಕೆಳಗ ಪೊಳ್ಳ ಅದರಿ ಸಾಬ್. ಈ ಬಂಡಿ ಇಲ್ಲಿ ನಿಂತ್ರ ನಾಳೆ ಎರಡನ್ನೂ ಎತ್ತಬೇಕಾಗ್ತದ" ಎಂದ. ಸಾಹೇಬರು ತಾವೂ ಕುಟ್ಟಿ ನೋಡಿದರು, ಕಿವಿಯಿಟ್ಟು ಕೇಳಿದರು, ಕ್ರೇನನ್ನು ಹಿಂದಕ್ಕೆ ಕಳಿಸಿದರು. ಆಮೇಲೆ ನಮ್ಮವರು ದೊಡ್ಡ ಬಂಡೆ ಎತ್ತುವ ರೀತಿಯಲ್ಲೇ ಎತ್ತಿದರು. ಮೂರು ತೊಲೆಗಳ ತ್ರಿಪಾಯಿ, ಸರಪಳಿ, ಒಂದು ಗೇಣು ಎತ್ತು, ಅಡಿಗೆ ಫರ್ಸಿ ಕಲ್ಲು ಇಡು, ಇನ್ನೊಂದು ಗೇಣು ಎತ್ತು, ಮತ್ತೊಂದು ಕಲ್ಲು ಇಡು. ಒಂಬತ್ತು ದಿನ ಹಿಡಿಯಿತು. ಸಾಹೇಬರು ಮೊದಲ ದಿನ ದಂಡೆಯ ಮೇಲೆ ನಿಂತಿದ್ದರು. ನಾಲ್ಕನೇ ದಿನಕ್ಕೆ ಅಂಗಿ ಕಳಚಿ ಹಗ್ಗ ಹಿಡಿದು ನಮ್ಮವರ ಜೊತೆ "ಹೈಸಾ" ಅನ್ನುತ್ತಿದ್ದರು. ವಿಮಾನ ಮೇಲೆ ಬಂದಾಗ ಒಳಗಿನಿಂದ ಒಂದು ಬುಟ್ಟಿ ಮೀನು ಬಂತು. ಆ ದಿನ ಓಣಿಗೆಲ್ಲ ಮೀನಿನ ಸಾರು. ಲಾಲ್ ಅಹ್ಮದ್ ನನಗೂ ಒಂದು ಪಾತ್ರೆ ಕಳಿಸಿದ, ಖಾರ ಹೆಚ್ಚಾಗಿ ಕಣ್ಣಲ್ಲಿ ನೀರು ಬಂತು.

ಆಮೇಲೆ ಸಾಹೇಬರು ಒಂದು ಪಟ್ಟಿ ತೆಗೆದರು. ಬಿದ್ದ ದಿನ ಒಡೆದು ಚೆದುರಿ ಏನೇನು ಕಾಣೆಯಾಗಿದೆ ಎಂದು ಅದರಲ್ಲಿದೆ. "ಯಾರ ಮೇಲೂ ದೂರು ಕೊಡುವುದಿಲ್ಲ, ಇದ್ದದ್ದನ್ನು ತಂದುಕೊಡಿ ಸಾಕು" ಎಂದರು. ಅನಸೂ, ನೀನು ಆ ದಿನ ಇರಬೇಕಾಗಿತ್ತು. ನಮ್ಮ ಓಣಿಯಲ್ಲಿ ಇಷ್ಟು ವಿಮಾನ ಇತ್ತು ಎಂದು ನನಗೂ ಗೊತ್ತಿರಲಿಲ್ಲ. ಗುರುಲಿಂಗಮ್ಮ ಆಡಿನ ಕೊಟ್ಟಿಗೆಯ ಬಾಗಿಲು ಕಿತ್ತು ತಂದಳು. ಬಂದೇಅಲಿ ಕೋಳಿಗಳಿಗೆ ನೀರಿಡುತ್ತಿದ್ದ ತಗಡು ತಂದ. ಲಾಲ್ ಅಹ್ಮದನ ಚಹಾದಂಗಡಿಯಲ್ಲಿ ಕೆಟ್ಟ ಗಡಿಯಾರ ಒಂದು ಗೋಡೆಗಿತ್ತಲ್ಲ, ಅದು ಗಡಿಯಾರವೇ ಅಲ್ಲವಂತೆ, ವಿಮಾನ ಎಷ್ಟು ಎತ್ತರದಲ್ಲಿದೆ ಎಂದು ತೋರಿಸುವ ಯಂತ್ರವಂತೆ. "ಅಯ್ಯೋ ಖುದಾ! ಅದನ್ನ ನೋಡಿ ನೋಡಿ ಎಷ್ಟು ಮಂದಿ ಗಾಡಿ ತಪ್ಪಿಸಿಕೊಂಡಾರ!" ಎಂದು ಅವನು ತಲೆ ಮೇಲೆ ಕೈ ಹೊತ್ತು ಕೂತ. ಸಾಹೇಬರಿಗೆ ನಕ್ಕು ನಕ್ಕು ಕೆಮ್ಮು ಬಂತು. ಪಟ್ಟಿಯಲ್ಲಿ ಒಂದೊಂದಕ್ಕೇ ಗೆರೆ ಎಳೆಯುತ್ತ ಬಂದು, ಕೊನೆಗೆ "ಓಡಿಸುವವನ ಕುರ್ಚಿ?" ಎಂದು ಕೇಳಿದರು. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಎಲ್ಲರಿಗೂ ಗೊತ್ತು, ಅದು ನಮ್ಮ ಮನೆಯ ತೊಲೆಗೆ ತೂಗುತ್ತಿದೆ.

ಆಗ ಜಾನಬಿ ಎದ್ದು ನಿಂತಳು. ಕುರ್ಚಿಯ ಮಾತು ಎತ್ತಲಿಲ್ಲ. "ಅದನ್ನ ಓಡಿಸಿಕೊಂಡು ಬಂದ ಹುಡುಗ ಏನಾದ್ರಿ ಸಾಬ್?" ಎಂದು ಕೇಳಿದಳು. ಮಾತು ಮರೆಸಲು ಕೇಳಿದಳೋ, ಇಷ್ಟು ವರ್ಷದಿಂದ ಕೇಳಬೇಕೆಂದಿದ್ದಳೋ ನನಗೆ ತಿಳಿಯದು. ಆಮೇಲೆ ಅವಳೇ ಆ ದಿನದ ಕಥೆ ಹೇಳಿದಳು. ನೀನು ನೂರು ಸಲ ಕೇಳಿದ್ದೀಯ, ಆದರೂ ಅವಳು ಹೇಳುವಾಗ ನಾವೆಲ್ಲ ಹೊಸದಾಗಿ ಕೇಳುವವರಂತೆ ಕೂತಿದ್ದೆವು. ವಿಮಾನ ಹೊಂಡದ ಅಂಚಿಗೆ ಬಡಿದು ಮೂಗು ಕೆಳಗಾಗಿ ಮುಳುಗಿದ್ದು, ಹುಡುಗ ಮಾತ್ರ ಕುರ್ಚಿಯ ಸಮೇತ ಕಿತ್ತು ಹಾರಿ ಕಲ್ಲು ಪಾಲಿಶ್ ಮಾಡಿದ ಕೆಸರಿನ ರಾಶಿಯ ಮೇಲೆ ಮೆತ್ತಗೆ ಬಿದ್ದದ್ದು, ತುಂಬು ಬಸುರಿ ಜಾನಬಿ ಓಡಿಹೋಗಿ ಅವನಿಗೆ ಬೆಲ್ಲದ ನೀರು ಕುಡಿಸಿದ್ದು. ಒಂದು ಮಣಿಕಟ್ಟು ಮುರಿದದ್ದು ಬಿಟ್ಟರೆ ಅವನಿಗೆ ಗೀರೂ ಇರಲಿಲ್ಲವಂತೆ. ಮಿಲಿಟರಿಯವರು ಬಂದು ಅವನನ್ನು ಒಯ್ದರು, ಕುರ್ಚಿಯನ್ನು ಕೆಸರಿನಲ್ಲೇ ಬಿಟ್ಟರು. ಅದಾದ ಐದನೇ ದಿನ ಮಶಾಕ ಹುಟ್ಟಿದ. "ತೊಟ್ಟಿಲಿಗೆ ದುಡ್ಡೆಲ್ಲಿತ್ತು ಸಾಬ್? ಆಸ್ಮಾನದಿಂದ ಬಿದ್ದವನನ್ನ ಕಾಯ್ದದ್ದು ನನ್ನ ಕೂಸನ್ನ ಕಾಯಂಗಿಲ್ಲೇನು ಅಂತ ಅದನ್ನೇ ಅಂಗಾತ ಮಲಗಿಸಿ, ನಾಕು ಹಗ್ಗ ಕಟ್ಟಿ ತೂಗಿದೆ" ಎಂದಳು. ತನಗರಿವಿಲ್ಲದೆ ಕುರ್ಚಿಯ ಸುದ್ದಿ ಹೇಳಿಬಿಟ್ಟಿದ್ದಳು. ಸಾಹೇಬರು ಪೆನ್ಸಿಲನ್ನು ಜೇಬಿಗೆ ಹಾಕಿಕೊಂಡರು, ಏನೂ ಬರೆದುಕೊಳ್ಳಲಿಲ್ಲ.

ಹುಡುಗನ ಸುದ್ದಿ ಅವರ ಕಾಗದಗಳಲ್ಲಿತ್ತು. ಅವನು ಯುದ್ಧ ಮುಗಿಯುವವರೆಗೂ ವಿಮಾನ ಓಡಿಸಿದ, ಆಮೇಲೆ ಬೇರೆಯವರಿಗೆ ಕಲಿಸಿದ, ಮಕ್ಕಳು ಮೊಮ್ಮಕ್ಕಳನ್ನು ಕಂಡು, ಹೋದ ವರ್ಷ ತೀರಿಕೊಂಡ ಎಂದು ಹೇಳಿದರು. ಜಾನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೈ ನೆಟ್ಟಗಾಗಿತ್ತೇನ್ರಿ ಅವಂದು?" ಎಂದು ಕೇಳಿದಳು. ಸಾಹೇಬರಿಗೆ ಅದು ಗೊತ್ತಿರಲಿಲ್ಲ. ಆದರೂ ಹೌದು, ಪೂರ್ತಿ ನೆಟ್ಟಗಾಗಿತ್ತು ಎಂದರು.

ಮರುದಿನ ಅವರು ನಮ್ಮ ಮನೆಗೆ ಬಂದರು. ಬಂದದ್ದು ಕುರ್ಚಿಗಲ್ಲ, ಕಲ್ಲಿಗೆ. ವಿಮಾನದ ಮುಂದೆ ನಿಲ್ಲಿಸಲು ನಮ್ಮ ಶಹಾಬಾದಿನದೇ ಒಂದು ಫರ್ಸಿಯ ಮೇಲೆ ಬರಹ ಬೇಕು, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿಯೂ ಇರಬೇಕು, ಎತ್ತಿದ ಹದಿನೆಂಟು ಮಂದಿಯ ಹೆಸರೂ ಇರಬೇಕು, ಇಲ್ಲದಿದ್ದರೆ ಬೇರೆ ಕೆತ್ತುವವನನ್ನು ನೋಡಿಕೊಳ್ಳಿ ಎಂದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಮೇಲಿನವರನ್ನು ಕೇಳುತ್ತೇನೆ ಎಂದು ಹೇಳಿ ಒಳಗೆ ಬಂದರು. ಆಗ ನೆನಪಾಯಿತು, ತೊಟ್ಟಿಲಿನ ಮೇಲೆ ಒಂದು ಬಟ್ಟೆಯನ್ನೂ ಹಾಕಿರಲಿಲ್ಲ. ಸಾಹೇಬರು ಹತ್ತಿರ ಹೋದರು. ಅದರ ಕೆಳಗಿನ ನಂಬರು ಪಟ್ಟಿಯನ್ನು ಬೆರಳಿನಿಂದ ಒರೆಸಿ ಓದಿದರು. ಆಮೇಲೆ ಒಳಗಿನ ಕೌದಿಯನ್ನು ನೋಡಿದರು. ಇಷ್ಟೊಂದು ತೇಪೆಗಳು ಯಾಕೆ ಎಂದು ಕೇಳಿದರು.

ನಾನು ಹೇಳಿದೆ. ಇದು ಯಾರ ಮನೆಯದೂ ಅಲ್ಲ, ಕೂಸು ಹುಟ್ಟಿದ ಮನೆಯದು. ಕೂಸು ಕೂಡಲು ಕಲಿತ ಮೇಲೆ ಅದರ ತಾಯಿ ಇದನ್ನು ತಾನೇ ತೊಳೆದು, ಬಿಸಿಲಿಗೆ ಒಣಗಿಸಿ, ತನ್ನ ಕೂಸಿನ ಬಟ್ಟೆಯ ಒಂದು ತುಂಡನ್ನು ಕೌದಿಗೆ ಹೊಲಿದು, ಮುಂದಿನ ಮನೆಗೆ ತಲೆಯ ಮೇಲೆ ಹೊತ್ತುಕೊಂಡು ಹೋಗಿ ಕೊಡುತ್ತಾಳೆ. ಗಂಡಸರು ಹೊರುವಂತಿಲ್ಲ. ಬೇರೆ ಹೆಂಗಸು ಒಯ್ದು ಕೊಟ್ಟರೆ ಯಾರೂ ಇಸಿದುಕೊಳ್ಳುವುದಿಲ್ಲ. ಜಾತಿ ಕೇಳುವುದಿಲ್ಲ, ನಮಾಜು ಪೂಜೆ ಕೇಳುವುದಿಲ್ಲ. ಇಲ್ಲಿಯವರೆಗೆ ನಲವತ್ಮೂರು ಮಕ್ಕಳು ಇದರಲ್ಲಿ ಮಲಗಿವೆ. ಸಾಹೇಬರು ತೇಪೆಗಳನ್ನು ಎಣಿಸಿ ನಲವತ್ತೆರಡು ಇವೆಯಲ್ಲ ಎಂದರು. ನಲವತ್ಮೂರನೆಯದು ನಮ್ಮ ಚಂದ್ರಭಾಗಾಳದು, ಐದು ತಿಂಗಳು ಇದ್ದು, ಹೋದ ಜುಲೈಯಲ್ಲಿ ತೀರಿಕೊಂಡಳು, ಅವಳ ತಾಯಿ ತೇಪೆ ಹೊಲಿಯಲಾಗದೆ ತವರಿಗೆ ಹೋಗಿದ್ದಾಳೆ ಎಂದೆ. ಅವರು ಟೋಪಿ ತೆಗೆದರು. ನೆಲದ ಮೇಲೆಯೇ ಕೂತು ನೀರು ಕೇಳಿ ಕುಡಿದರು.

ಆದರೆ ಅವರೂ ನೌಕರಿಯವರೇ. ಸ್ವಲ್ಪ ಹೊತ್ತಿನ ಮೇಲೆ, ಈ ಕುರ್ಚಿಯಿಲ್ಲದೆ ವಿಮಾನ ಪೂರ್ತಿಯಾಗುವುದಿಲ್ಲ, ಇಡೀ ಲೋಕದಲ್ಲಿ ಇಂಥದ್ದು ಇನ್ನೊಂದು ಸಿಗುವುದೂ ಕಷ್ಟ ಎಂದರು. ನನಗೆ ಸಿಟ್ಟು ಬಂತು. ಕಟ್ಟಿಗೆಯದೊಂದು ಮಾಡಿಸಿ ಬಣ್ಣ ಹಚ್ಚಿ ಕೂಡಿಸಿರಿ, ನೋಡುವವರಿಗೆ ಏನು ತಿಳಿಯುತ್ತದೆ ಎಂದೆ. ಅವರು ಸಿಟ್ಟಾಗಲಿಲ್ಲ. "ಅವಶೇಷವನ್ನು ಒಯ್ಯಬೇಕೆಂದು ನನಗೆ ಆಜ್ಞೆ. ಕೂಸು ಮಲಗಿರುವುದನ್ನು ಅವಶೇಷ ಎಂದು ಯಾರು ಬರೆಯುತ್ತಾರೆ? ಖಾಲಿ ತೂಗುತ್ತಿರುವುದನ್ನು ಮಾತ್ರ ನಾನು ಬಿಡಲಾರೆ" ಎಂದರು. ಲಾರಿ ಇಪ್ಪತ್ತೆಂಟಕ್ಕೆ ಹೊರಡುತ್ತದೆ, ಅಲ್ಲಿಯವರೆಗೆ ಕಾಯುತ್ತೇನೆ, ದಿಲ್ಲಿಗೇ ಹೋಗಬೇಕಾದರೂ ನಿಮ್ಮ ಹೆಂಡತಿಯ ಕೈಯಿಂದಲೇ ಇಸಿದುಕೊಳ್ಳುತ್ತೇನೆ ಎಂದು ಹೇಳಿ ಹೋದರು. ಒಳ್ಳೆಯ ಮನುಷ್ಯ. ಆದರೂ ಆ ಸಂಜೆಯೆಲ್ಲ ಅವರನ್ನು ಮನಸ್ಸಿನಲ್ಲೇ ಬೈದೆ.

ಎರಡನೆಯವಳ ಮಾತು ಈಗ. ಮಶಾಕನ ಹೆಂಡತಿ ಬಿಬಿಜಾನ್ ಹನ್ನೊಂದನೇ ತಾರೀಖು ಹೆಣ್ಣು ಹೆತ್ತಳು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಬಹಳ ಸಣ್ಣದು, ಹಿಡಿದರೆ ಅಂಗೈಯಲ್ಲಿ ಇರುತ್ತದೆ. ಸೀರೆಯ ಜೋಳಿಗೆಯಲ್ಲಿ ಹಾಕಿದರೆ ಮುದುಡಿಕೊಂಡು ನೀಲಿಯಾಗುತ್ತದೆ, ಎತ್ತಿಕೊಂಡರೆ ಸರಿಹೋಗುತ್ತದೆ. ಸಮನಾಗಿ, ಬೆನ್ನು ನೆಟ್ಟಗಿರುವಂತೆ ಮಲಗಿಸಿರಿ ಎಂದು ಡಾಕ್ಟರರು ಹೇಳಿದ್ದಾರೆ. ಈ ಒಂಬತ್ತು ದಿನದಲ್ಲಿ ಮಶಾಕ ಒಂದು ಹಲಗೆಯ ತೊಟ್ಟಿಲನ್ನಾದರೂ ಮಾಡಿಸಬಹುದಾಗಿತ್ತು. ಬಿಬಿಜಾನಳೇ ಬೇಡ ಎಂದಳಂತೆ. ಮೊನ್ನೆ ಶುಕ್ರವಾರ ಜಾನಬಿ ನಮ್ಮ ಬಾಗಿಲಿಗೆ ಬಂದಳು. ಹತ್ತು ತಿಂಗಳಲ್ಲಿ ಅವಳು ನಮ್ಮ ಹೊಸ್ತಿಲು ತುಳಿದದ್ದು ಅದೇ ಮೊದಲು.

ನಾನು ಒಳ್ಳೆಯ ಮಾತಾಡಲಿಲ್ಲ, ಅನಸೂ. ಇಷ್ಟು ದಿನ ಈ ಮನೆಯ ದಾರಿ ಮರೆತಿತ್ತೇನು ಎಂದು ಕೇಳಿಬಿಟ್ಟೆ. ನಮ್ಮ ಕೂಸು ಹೋದ ಮೇಲೆ ಓಣಿಯಲ್ಲಿ ನಾಲ್ಕು ಮಕ್ಕಳು ಹುಟ್ಟಿದವು, ನಾಲ್ಕೂ ಜೋಳಿಗೆಯಲ್ಲಿ ಬೆಳೆದವು, ಒಬ್ಬರೂ ತೊಟ್ಟಿಲು ಕೇಳಲಿಲ್ಲ. ನೀನು ದೀಪಾವಳಿಯ ಮುಂದೆ ಗಂಟು ಕಟ್ಟುತ್ತ ಹೇಳಿದ ಮಾತನ್ನು ಅವಳ ಮುಂದೆ ಹಾಗೆಯೇ ಹೇಳಿದೆ: "ನನ್ನ ಕೈಯಿಂದ ಯಾರೂ ಇಸಗೊಳ್ಳಂಗಿಲ್ಲ. ಕೂಸು ಕಳಕೊಂಡ ಕೈ ಅಂತ ಹೆದರ್ತಾರ." ಜಾನಬಿ ಬಾಗಿಲಲ್ಲೇ ಕುಸಿದು ಕೂತಳು. "ತೌಬಾ ತೌಬಾ! ಏನು ಮಾತಾಡ್ತಿಯೋ ಭಗವಂತಾ? ನಾವು ಕೇಳಿದ್ರ ಅಕಿ ಎದಿ ಒಡೀತದ ಅಂತ ಸುಮ್ನಿದ್ವಿ. ನಾಕೂ ತಾಯೇರಿಗೆ ನಾನೇ ಹೇಳಿದ್ದೆ, ಅನಸು ತಾನಾಗಿ ತರೋತನಕ ಯಾರೂ ಬಾಯಿ ಬಿಡಬ್ಯಾಡ್ರಿ ಅಂತ" ಎಂದು ಅತ್ತಳು. "ಅಕಿ ಕೈ ಅಂದ್ರ ಹೆದರ್ತೀವಾ? ಬಿಬಿಜಾನ್ ಏನಂತಾಳ ಗೊತ್ತೇನು? ಅನಸಕ್ಕ ತಂದುಕೊಟ್ರ ಇಸಗೊಳ್ತೀನಿ, ಇಲ್ಲಾಂದ್ರ ನನ್ನ ತೊಡಿನೇ ತೊಟ್ಟಿಲು ಅಂತಾಳ. ಹಗಲೆಲ್ಲ ಕಾಲು ಚಾಚಿ ಕೂತುಬಿಟ್ಟಾಳ ಹುಡುಗಿ."

ಆ ಮಾತು ಕೇಳಿ ನಾನು ಅತ್ತೆ. ಜಾನಬಿಯೂ ನಾನೂ ಕೂಡಿ ಅತ್ತೆವು, ಹಗಲು ಹೊತ್ತು, ಬಾಗಿಲು ತೆರೆದಿಟ್ಟುಕೊಂಡು, ಹಾದು ಹೋಗುವವರು ನೋಡಲಿ ಬಿಡಲಿ. ನಿನಗೆ ನೋವಾದೀತೆಂದು ಅವರು ಬಾಯಿ ಮುಚ್ಚಿಕೊಂಡರು, ಅವರು ಬಾಯಿ ಮುಚ್ಚಿಕೊಂಡದ್ದನ್ನು ನೋಡಿ ನೀನು ಊರು ಬಿಟ್ಟೆ. ಮಧ್ಯದಲ್ಲಿ ನಾನು ಒಬ್ಬ ಹೋಗಿ ಒಂದು ಮಾತು ಕೇಳಬಾರದಾಗಿತ್ತೇ? ಕೇಳಲಿಲ್ಲ. ಹತ್ತು ತಿಂಗಳು ಓಣಿಯವರ ಮೇಲೆಲ್ಲ ಮುಖ ಗಂಟುಹಾಕಿಕೊಂಡು ತಿರುಗಿದೆ.

ಈಗ ನಿರ್ಧಾರ ನಿನ್ನದು. ದಿಲ್ಲಿಗೆ ಕೊಡು ಎಂದರೆ ಕೊಡೋಣ, ಸಾವಿರಾರು ಮಂದಿ ನೋಡುತ್ತಾರೆ, ಅದೂ ಕೆಟ್ಟದ್ದಲ್ಲ. ಬಿಬಿಜಾನಳ ಕೂಸಿಗೆ ಕೊಡುತ್ತೀಯಾದರೆ ನೀನೇ ಬಂದು ತೊಳೆಯಬೇಕು, ನೀನೇ ಹೊರ‍ಬೇಕು. ಎರಡೂ ಬೇಡ, ಅದನ್ನು ನೋಡುವುದೇ ಬೇಡ ಎಂದರೆ ಒಂದು ಕಾರ್ಡು ಹಾಕು, ಸಾಹೇಬರಿಗೆ ಹಾಗೆಯೇ ಹೇಳುತ್ತೇನೆ. ನನಗೇನು ಬೇಕು ಎಂದು ಕೇಳಿದರೆ, ನನಗೆ ನೀನು ಬೇಕು. ತೊಟ್ಟಿಲು ಎಲ್ಲಿಗಾದರೂ ಹೋಗಲಿ. ನಿನ್ನ ಬಳೆಗಳ ಸಪ್ಪಳವಿಲ್ಲದೆ ಈ ಮನೆಯಲ್ಲಿ ನನಗೆ ಕೂಡಲೂ ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ಮದುವೆಯಾಗಿ ಆರು ವರ್ಷದಲ್ಲಿ ಇದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಬರೆದಿದ್ದೇನೆ.

ಬರುವುದಾದರೆ ಶನಿವಾರ ಬೆಳಿಗ್ಗೆಯ ಬಸ್ಸಿಗೆ ಸೇಡಂಗೆ ಬಾ, ಅಲ್ಲಿ ತಮ್ಮಣ್ಣ ರೈಲುಗಾಡಿ ಹತ್ತಿಸಲಿ. ಚಿತ್ತಾಪುರ ದಾಟಿದ ಮೇಲೆ ವಾಡಿ, ಅಲ್ಲಿ ಇಳಿ. ಗಂಟು ಹೊರಲು ಹೋಗಬೇಡ, ನಾನು ಪ್ಲಾಟ್‌ಫಾರಂ ಮೇಲೆ ಇರುತ್ತೇನೆ. ಕಲ್ಲಿನ ಕೆಲಸ ಇನ್ನೂ ಮುಗಿದಿಲ್ಲ. ಮೇಲಿನವರು ಹದಿನೆಂಟು ಹೆಸರಿಗೂ ಒಪ್ಪಿದ್ದಾರೆ, ಕನ್ನಡಕ್ಕೂ ಒಪ್ಪಿದ್ದಾರೆ. ಗೆದ್ದೆ ನೋಡು.

ನಿನ್ನ ಮನಸ್ಸಿಗೆ ತಂಪು ಸಿಗಲಿ, ಮೈಗೆ ಶಕ್ತಿ ಬರಲಿ. ಅತ್ತೆಯ ಮಂಡಿನೋವು ಕಡಿಮೆಯಾಗಲಿ. ತಮ್ಮಣ್ಣನಿಗೆ ಬೇಗ ಒಂದು ಒಳ್ಳೆಯ ಹುಡುಗಿ ಸಿಗಲಿ, ಕಾರ್ಡು ಬರೆಯಲು ಅವನಿಗೂ ಯಾರಾದರೂ ಬೇಕಲ್ಲ.

ಎಂದಿಗೂ ನಿನ್ನವನೇ ಆದ
ಭಗವಂತ

ತಾ.ಕ. — ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದ್ದೇನೆ. ಇದನ್ನು ತಿಳಿಸದೆ ನಿನ್ನನ್ನು ಬಾ ಎಂದು ಕರೆಯುವುದು ಮೋಸ.

ಆ ದಿನ ಮಧ್ಯಾಹ್ನ ನೀನು ನೀರಿಗೆ ಹೋಗಿ, ನಳದ ಹತ್ತಿರ ಗುರುಲಿಂಗಮ್ಮನ ಜೊತೆ ಮಾತಾಡುತ್ತ ನಿಂತದ್ದಕ್ಕೇ ಕೂಸು ಹೋಯಿತು, ಬಂದವಳು ಕೂಸನ್ನು ನೋಡದೆ ಉಣ್ಣಲು ಕೂತೆ ಎಂದು ಇವತ್ತಿಗೂ ಅಳುತ್ತೀಯಂತೆ. ಅತ್ತೆ ಮೊನ್ನೆ ಬಂದೇಅಲಿಯ ಕೈಯಲ್ಲಿ ಹೇಳಿ ಕಳಿಸಿದ್ದರು. ಅನಸೂ, ನೀನು ಕೊಡ ಎತ್ತಿಕೊಂಡು ಹೊರಟು ಇನ್ನೂ ಓಣಿಯ ಮೂಲೆಯನ್ನೂ ತಿರುಗಿರಲಿಲ್ಲ. ಕೂಸು ಒಮ್ಮೆ ಬಿಕ್ಕಿತು, ಅಷ್ಟೇ. ನಾನು ಎದೆಯ ಮೇಲೆ ಕೈ ಇಟ್ಟು ನೋಡಿದೆ. ನನಗೆ ಆಗಲೇ ಗೊತ್ತಾಯಿತು. ಕೂಗಿದ್ದರೆ ನಿನಗೆ ಕೇಳಿಸುತ್ತಿತ್ತು. ಕೂಗಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿ ಹಗ್ಗ ಹಿಡಿದುಕೊಂಡು ತೂಗಿದೆ. ಒಂದು ತಾಸು, ನೀನು ಬರುವವರೆಗೆ, ತೂಗುತ್ತಲೇ ಇದ್ದೆ.

ನೀನು ಬಂದು ಕೊಡ ಇಳಿಸಿ, "ಮಲಗ್ಯಾಳೇನು?" ಎಂದು ಕೇಳಿದೆ. ನಾನು "ಹ್ಞೂಂ, ಈಗಷ್ಟೇ ಮಲಗಿದ್ಳು, ಎಬ್ಬಿಸಬ್ಯಾಡ, ನೀ ಮೊದಲು ಉಣ್ಣು" ಎಂದೆ. ಮೂರು ದಿನ ಜ್ವರದ ಕೂಸನ್ನು ಹೊತ್ತು ನೀನು ಏನೂ ತಿಂದಿರಲಿಲ್ಲ. ಇನ್ನೊಂದು ಗಳಿಗೆ ನೀನು ತಾಯಿಯಾಗಿಯೇ ಇರಲಿ ಎಂದು ಹಾಗೆಂದೆನೋ, ಹೇಳುವ ಗಂಡಸುತನ ಇಲ್ಲದೆ ಹಾಗೆಂದೆನೋ, ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ. ಆಮೇಲೆ ನೀನು ಎತ್ತಿಕೊಂಡೆ, ಕಿರುಚಿದೆ. ನಾನೂ ಆಗಲೇ ತಿಳಿದವನಂತೆ ಕಿರುಚಿದೆ. ಹತ್ತು ತಿಂಗಳು ನಿನ್ನ ತಲೆಯ ಮೇಲೆ ಆ ಭಾರ ಇರುವುದನ್ನು ನೋಡುತ್ತ ಸುಮ್ಮನಿದ್ದೆ.

ರೊಟ್ಟಿ ತಿಂದೆನಲ್ಲ ಎಂದು ಇನ್ನು ಅಳಬೇಡ. ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ನೀನು ಮುರಿದು ಕೊಟ್ಟ ಅರ್ಧ ರೊಟ್ಟಿಯನ್ನು ನಿನ್ನ ಪಕ್ಕದಲ್ಲಿ ಕೂತು ನಾನೂ ತಿಂದೆ.